ಅಜ್ಜ ಯುದ್ಧದಿಂದ ತಂದ ಜರ್ಮನ್ ಹೆಲ್ಮೆಟ್ಟು, ಏನ್ ಮಾಡೋದು? ಗೊತ್ತಿರೋರು ಹೇಳಿ

ಮೆಣಸಿನಬಳ್ಳಿ_ಮೂಡಿಗೆರೆ

ಪ್ರಶ್ನೆ ಸ್ವಲ್ಪ ಉದ್ದ ಆಗುತ್ತೆ, ಬೇಜಾರ್ ಮಾಡ್ಕೋಬೇಡಿ. ನಮ್ಮನೇಲಿ ಒಂದು ಜರ್ಮನ್ ಮಿಲಿಟರಿ ಹೆಲ್ಮೆಟ್ ಇದೆ, ಎರಡನೇ ಮಹಾಯುದ್ಧದ್ದು, ನಮ್ಮ ಅಜ್ಜ ಅಂದ್ರೆ ಅಪ್ಪನ ಅಪ್ಪ ಮಿಲಿಟರಿಯಿಂದ ಬರುವಾಗ ತಂದಿದ್ದು. ಅಜ್ಜ ಅಲ್ಲಿ ಲಾರಿ ಓಡಿಸ್ತಿದ್ರು, 46ರಲ್ಲಿ ವಾಪಸ್ ಬಂದು ಆಮೇಲೆ ಇಲ್ಲೇ ಒಂದು ಎಸ್ಟೇಟಲ್ಲಿ ಕೊನೇವರೆಗೂ ಡ್ರೈವರ್ ಆಗಿದ್ರು, ನಮಗೆ ಗೊತ್ತಿರೋದು ಇಷ್ಟೇ. ಯುದ್ಧದ ಸುದ್ದಿ ತೆಗೆದ್ರೆ "ಬರೀ ಮರಳು, ನೊಣ" ಅಂದು ಎಲೆಅಡಿಕೆ ಚೀಲ ಬಿಚ್ಚೋರಂತೆ.

ಇಷ್ಟು ವರ್ಷ ಅದು ಅಡಿಗೆಮನೆ ಅಟ್ಟದಲ್ಲಿತ್ತು, ಆಯುಧಪೂಜೆ ದಿನ ಮಾತ್ರ ಇಳಿಸಿ ಕತ್ತಿ, ಗರಗಸ, ತೋಟದ ಕೋವಿ ಜೊತೆ ಇಟ್ಟು ಅದಕ್ಕೂ ಕುಂಕುಮ ಹಚ್ಚೋರು ಅಜ್ಜಿ. ಈಗ ಹಳೇ ಮನೆ ಹಂಚು ಇಳಿಸಿ ರಿಪೇರಿ ಮಾಡಿಸ್ತಿದೀವಿ ಹಂಗಾಗಿ ಅಟ್ಟದ ಸಾಮಾನೆಲ್ಲ ಜಗಲಿಗೆ ಬಂದಿದೆ, ಎಲ್ಲರ ಕಣ್ಣೂ ಇದರ ಮೇಲೆ ಬಿದ್ದಿದೆ. ನಮ್ಮ ಚಿಕ್ಕಪ್ಪನ ಮಗ ಎಮರಿ ಪೇಪರ್ ಹಾಕಿ ಚೆನ್ನಾಗಿ ಉಜ್ಜಿ ಮ್ಯಾಟ್ ಬ್ಲಾಕ್ ಹೊಡ್ಸಿ ಬುಲೆಟ್ ಓಡಿಸುವಾಗ ಹಾಕ್ಕೋತೀನಿ ಅಂತ ಹಠ ಹಿಡಿದಿದಾನೆ. ಅಮ್ಮ ಏನಂತಾರೆ ಅಂದ್ರೆ ಸತ್ತೋನ ತಲೆ ಮೇಲಿದ್ದಿದ್ದು ಮನೇಲಿ ಇಟ್ಕೊಳ್ಳೋದೇ ತಪ್ಪು, ಹೊಸ ಮಾಡು ಹಾಕೋಕೆ ಮುಂಚೆ ಹೊಳೆಗೆ ಬಿಟ್ಟು ಬನ್ನಿ ಅಂತ. ಅಜ್ಜಿ ಇರೋವರೆಗೂ ಈ ಮಾತು ಅವರ ಬಾಯಲ್ಲಿ ಬಂದಿರ್ಲಿಲ್ಲ ಅನ್ನೋದು ಬೇರೆ ವಿಷಯ. ಇದರ ಮಧ್ಯೆ ಹಳೇ ಸಾಮಾನು ತಗೊಳ್ಳೋರು ಒಬ್ರು ಬೆಂಗಳೂರಿಂದ ಬಂದೋರು ನೋಡಿ ಇದು ಗುಜರಿ ರೇಟಿಂದು, ನಿಮ್ಮ ಮುಖ ನೋಡಿ ಐದು ಸಾವಿರ ಕೊಡ್ತೀನಿ ಅಂದ್ರು, ನಾನು ಯೋಚ್ನೆ ಮಾಡ್ತೀನಿ ಅಂದಿದ್ದಕ್ಕೆ ಗೇಟ್ ದಾಟೋದ್ರೊಳಗೆ ಹದಿನೈದಕ್ಕೆ ಬಂದ್ರು. ಅದಕ್ಕೇ ನಂಗೆ ಅನುಮಾನ ಶುರುವಾಗಿದ್ದು.

ಹೊರಗಡೆ ಮಾಸಲು ಮರಳು ಬಣ್ಣ, ಬ್ರಷ್ಷಲ್ಲಿ ಬಳಿದಿರೋ ಗೆರೆ ಕಾಣುತ್ತೆ, ಅದು ಎದ್ದೋಗಿರೋ ಕಡೆ ಕೆಳಗೆ ಹಸಿರು ಬೂದು ಬಣ್ಣ. ಎಡಗಡೆ ಗುರಾಣಿ ಆಕಾರದ ಒಂದು ಸ್ಟಿಕ್ಕರ್ ಥರದ್ದು, ಬಣ್ಣ ಬಳಿದೋನು ಅದನ್ನ ಬಿಟ್ಟು ಸುತ್ತ ಬಳಿದಿದಾನೆ, ಅರ್ಧ ಅಜ್ಜಿಯ ಕುಂಕುಮಕ್ಕೇ ಹೋಗಿದೆ, ಹದ್ದಿನ ಒಂದು ರೆಕ್ಕೆ ಮಾತ್ರ ನೀಟಾಗಿದೆ. ಒಳಗೆ ಚರ್ಮದ ಪಟ್ಟಿ ಇದೆ, ಹೊಗೆ ಹಿಡಿದು ಕಪ್ಪಾಗಿ ಸೆಟೆದುಕೊಂಡಿದೆ, ಗಲ್ಲದ ಬೆಲ್ಟ್ ಇಲ್ಲ.

ಇದು ನಿಜವಾಗ್ಲೂ ಜರ್ಮನಿದಾ, ಹೆಂಗೆ ಗೊತ್ತಾಗುತ್ತೆ? ಮನೇಲಿ ಇಟ್ಕೊಂಡ್ರೆ ಕಾನೂನು ತೊಂದರೆ ಏನಾದ್ರೂ ಇದ್ಯಾ? ತುಕ್ಕು ಹೆಂಗೆ ತೆಗೆಯೋದು?

ಬುಲೆಟ್_ಗಿರಿ

ಗುರು ಹದಿನೈದಕ್ಕೆ ಕೊಡ್ಬೇಡ, ನಾನು ಹದಿನಾರು ಕೊಡ್ತೀನಿ 😄 ಮುಳ್ಳಯ್ಯನಗಿರಿ ರೋಡಲ್ಲಿ ಭಾನುವಾರ ಬಂದು ನೋಡು, ಬುಲೆಟ್ ಓಡ್ಸೋರಲ್ಲಿ ಅರ್ಧ ಜನ ಅದೇ ಶೇಪಿನ ಪ್ಲಾಸ್ಟಿಕ್ ಟೋಪಿ ಹಾಕ್ಕೊಂಡಿರ್ತಾರೆ, ಒರಿಜಿನಲ್ ಹಾಕ್ಕೊಂಡು ಹೋದ್ರೆ ಹೆಂಗಿರುತ್ತೆ ಯೋಚ್ನೆ ಮಾಡು. ನಿನ್ ತಮ್ಮ ಹೇಳಿದ್ರಲ್ಲಿ ತಪ್ಪೇನಿಲ್ಲ.

ಹಾಸನ_ಹಳೇಕಬ್ಬಿಣ

ಬುಲೆಟ್ ಗಿರಿಯವರೇ ದಯವಿಟ್ಟು ಆ ಹುಡುಗನ ತಲೆಗೆ ಇನ್ನೂ ಹುಳ ಬಿಡ್ಬೇಡಿ. ಎಮರಿ ಪೇಪರ್ ಅನ್ನೋ ಪದ ಓದಿ ನನ್ನ ಎದೆ ಧಸಕ್ ಅಂತು.

ಮೆಣಸಿನಬಳ್ಳಿಯವರೇ, ಮೊದಲು ಮಾಡ್ಬೇಕಾದ್ದು ಏನೂ ಮಾಡದೇ ಇರೋದು. ಉಜ್ಜಬೇಡಿ, ಸೀಮೆಎಣ್ಣೆ ಹಾಕ್ಬೇಡಿ, ಹುಣಸೆಹಣ್ಣು ಹಾಕಿ ತೊಳೀಬೇಡಿ, ಚರ್ಮ ಮೆತ್ತಗಾಗ್ಲಿ ಅಂತ ಕೊಬ್ಬರಿ ಎಣ್ಣೆ ಅಂತೂ ಬೇಡ್ವೇ ಬೇಡ. ನೀವು ಬರೆದಿರೋದ್ರಲ್ಲಿ ನಂಗೆ ಎಲ್ಲಕ್ಕಿಂತ ಇಷ್ಟ ಆಗಿದ್ದು ಆ ಬ್ರಷ್ ಗೆರೆ. ಯೂರೋಪಲ್ಲಿ ಹಾಕೋಕೆ ಅಂತ ಹಸಿರು ಬೂದು ಬಣ್ಣದಲ್ಲಿ ಫ್ಯಾಕ್ಟರಿಯಿಂದ ಬಂದ ಹೆಲ್ಮೆಟ್ಟನ್ನ ಉತ್ತರ ಆಫ್ರಿಕಾಕ್ಕೆ ಬಂದ ಮೇಲೆ ಮರುಭೂಮಿಗೆ ಹೊಂದ್ಲಿ ಅಂತ ಸಿಕ್ಕ ಮರಳು ಬಣ್ಣ ಬಳಿದುಕೊಳ್ತಿದ್ರು. ಅಂದ್ರೆ ಅದು ಒಬ್ಬ ಸಿಪಾಯಿ ಕೈಯಾರೆ ಬಳಿದಿರೋದು. ಅದನ್ನ ಉಜ್ಜಿ ತೆಗೆದ್ರೆ ಉಳಿಯೋದು ಒಂದು ಕೆಜಿ ಚಿಲ್ಲರೆ ಕಬ್ಬಿಣ, ಆಗ ನಿಜವಾಗ್ಲೂ ಗುಜರಿ ರೇಟೇ.

ಈಗ ಯಾವ ಮಾಡೆಲ್ಲು ಅನ್ನೋದು. ಎರಡನೇ ಯುದ್ಧದ ಜರ್ಮನ್ ಹೆಲ್ಮೆಟ್ಟಲ್ಲಿ ಮುಖ್ಯವಾಗಿ ಮೂರು ಇವೆ, ಕಲೆಕ್ಟರ್‌ಗಳು ಎಂ35, ಎಂ40, ಎಂ42 ಅಂತ ಕರೀತಾರೆ, ಆ ನಂಬರ್ ವರ್ಷದ್ದು. ಪಕ್ಕದಲ್ಲಿ ಗಾಳಿ ಆಡೋಕೆ ಅಂತ ಒಂದೊಂದು ಸಣ್ಣ ತೂತು ಇರುತ್ತೆ, ಅದರ ಮೇಲೆ ಉಗುರು ಆಡ್ಸಿ ನೋಡಿ. ಬೇರೆ ಒಂದು ಪುಟ್ಟ ಬಳೆ ತಂದು ಕೂರಿಸಿದ ಹಾಗಿದ್ರೆ 35, ಅದೇ ತಗಡನ್ನ ಒತ್ತಿ ಉಬ್ಬಿಸಿ ತೂತು ಮಾಡಿದ್ರೆ 40 ಅಥವಾ 42. ಆಮೇಲೆ ಅಂಚು ನೋಡಿ. 35 ಮತ್ತೆ 40ರಲ್ಲಿ ಅಂಚನ್ನ ಒಳಕ್ಕೆ ಮಡಚಿ ನುಣುಪು ಮಾಡಿರ್ತಾರೆ, 42ಕ್ಕೆ ಬರೋಷ್ಟರಲ್ಲಿ ಖರ್ಚು ಟೈಮು ಎರಡೂ ಉಳಿಸ್ಬೇಕಿತ್ತು, ಮಡಚೋದೇ ಬಿಟ್ರು, ಕತ್ತರಿಸಿದ ಅಂಚು ಹಾಗೇ ಹೊರಕ್ಕೆ ಚಾಚಿರುತ್ತೆ, ಬೆರಳಿಗೆ ಗೊತ್ತಾಗುತ್ತೆ. ಯುದ್ಧ ಹೆಂಗೆ ಹೆಂಗೆ ಕೈ ಕಚ್ತಾ ಬಂತು ಅನ್ನೋದು ಈ ಅಂಚಲ್ಲೇ ಕಾಣುತ್ತೆ ನೋಡಿ.

ಸ್ಟಿಕ್ಕರ್ ಅಂದ್ರಲ್ಲ, ಅದು ಡೆಕಾಲು. ಶುರುವಲ್ಲಿ ಎರಡು ಇರ್ತಿತ್ತು, ಎಡಗಡೆ ಸೈನ್ಯದ ಹದ್ದು, ಬಲಗಡೆ ಕಪ್ಪು ಬಿಳಿ ಕೆಂಪು ಗುರಾಣಿ. 1940ರಲ್ಲಿ ಬಲಗಡೆದು ಬೇಡ ಅಂತ ಆರ್ಡರ್ ಆಯ್ತು, 1943ರಲ್ಲಿ ಹದ್ದೂ ಬೇಡ ಅಂದ್ರು. ನಿಮ್ಮದ್ರಲ್ಲಿ ಬಲಗಡೆ ಬಣ್ಣದ ಅಡಿ ಏನೂ ಉಬ್ಬು ಕಾಣ್ದೇ ಇದ್ರೆ, ಎಡಗಡೆ ಹದ್ದು ಮಾತ್ರ ಇದ್ರೆ, ಈ ಮಧ್ಯದ ವರ್ಷಗಳದ್ದು ಇರ್ಬೋದು.

ಇನ್ನು ಒಳಗೆ. ಎಡಗಡೆ ಕಿವಿ ಮುಚ್ಚೋ ಭಾಗದ ಒಳಮೈಲಿ ಒಂದೆರಡು ಅಕ್ಷರ ಮತ್ತೆ ನಂಬರ್ ಒತ್ತಿರ್ತಾರೆ, ಟಾರ್ಚನ್ನ ಓರೆಯಾಗಿ ಹಿಡಿದು ನೋಡಿ. ಇಟಿ ಇದ್ರೆ ಥಾಲೆ ಊರಿನ ಫ್ಯಾಕ್ಟರಿ, ಕ್ಯೂ ಇದ್ರೆ ಎಸ್ಲಿಂಗನ್‌ನ ಕ್ವಿಸ್ಟ್, ಇಎಫ್ ಅಂದ್ರೆ ಫುಲ್ಡಾ, ಇನ್ನೂ ಒಂದೆರಡಿವೆ. ಪಕ್ಕದ ನಂಬರ್ 60ರಿಂದ 70ರೊಳಗೆ ಸರಿ ಸಂಖ್ಯೆ ಇರುತ್ತೆ, ಅದು ಚಿಪ್ಪಿನ, ಅಂದ್ರೆ ಹೊರಗಿನ ಲೋಹದ ಭಾಗದ ಸೈಜು. 64 ಇದ್ರೆ ಒಳಗಿನ ಚರ್ಮದ ಸೈಜು 56 ಅಥವಾ 57 ಇರ್ಬೇಕು, 66 ಇದ್ರೆ 58 ಅಥವಾ 59. ಚರ್ಮವನ್ನ ಹಿಡಿದಿರೋ ಲೋಹದ ಬಳೆ ಮೇಲೆ ಅದು ಒತ್ತಿರುತ್ತೆ, ಅದೃಷ್ಟ ಇದ್ರೆ ಮಾಡಿದೋರ ಹೆಸರು ಇಸವಿನೂ ಸಿಗುತ್ತೆ. ಚರ್ಮಕ್ಕೆ ಎಂಟು ನಾಲಿಗೆ ಇರ್ಬೇಕು, ಎಲ್ಲ ಸೇರ್ಸಿ ಮೇಲೆ ಒಂದು ದಾರ ಕಟ್ಟೋದು. ಇಡೀ ಬಳೆಯನ್ನ ಹಿಡಿದಿರೋದು ಮೂರೇ ಪಿನ್ನು, ಅಕ್ಕಪಕ್ಕ ಒಂದೊಂದು, ಹಿಂದೆ ಒಂದು. ಆ ಪಿನ್ನನ್ನ ಯಾವ ಕಾರಣಕ್ಕೂ ಬಿಚ್ಚಬೇಡಿ, ಯಾರೂ ಬಿಚ್ಚಿಲ್ಲ ಅನ್ನೋದಕ್ಕೇ ಕಲೆಕ್ಟರ್ ದುಡ್ಡು ಕೊಡೋದು.

ಇಷ್ಟು ನೋಡಿ ಬರೀರಿ, ಆಮೇಲೆ ಮಾತಾಡೋಣ.

ಕಡೂರು_ಎಕ್ಸ್‌ಪ್ರೆಸ್

ಎಲ್ಲರೂ ಒರಿಜಿನಲ್ ಅಂತಲೇ ಮಾತಾಡ್ತಿದೀರಲ್ಲ, ಡೂಪ್ಲಿಕೇಟ್ ಆಗಿರ್ಬಾರ್ದಾ? ನಮ್ಮ ದೇಶದಲ್ಲೇ ಮಾಡಿ ಫಾರಿನ್ನಿಗೆ ಕಳಿಸ್ತಾರೆ, ನೆತ್ತಿ ಮೇಲೆ ಈಟಿ ಥರ ಚೂಪು ಇರೋ ಹಳೇ ಜರ್ಮನ್ ಟೋಪಿನೂ ಹಿತ್ತಾಳೇಲಿ ಮಾಡ್ತಾರೆ, ಆನ್‌ಲೈನಲ್ಲಿ ಬೇಕಾದಷ್ಟು ಸಿಗುತ್ತೆ.

ಇನ್ನೊಂದು ಡೌಟು. ನೇತಾಜಿ ಜರ್ಮನಿಲಿದ್ದಾಗ ನಮ್ಮವರದ್ದೇ ಒಂದು ಸೈನ್ಯ ಕಟ್ಟಿದ್ರಲ್ಲ, ಅವರು ಜರ್ಮನ್ ಯೂನಿಫಾರ್ಮೇ ಹಾಕ್ತಿದ್ರು. ಅಜ್ಜ ಆ ಕಡೆ ಇದ್ದಿರ್ಬೋದಲ್ವಾ? ಏನೂ ಬಾಯಿ ಬಿಡ್ತಿರ್ಲಿಲ್ಲ ಅಂತ ಬೇರೆ ಬರ್ದಿದೀರ.

ಹಾಸನ_ಹಳೇಕಬ್ಬಿಣ

ಡೂಪ್ಲಿಕೇಟ್ ಬಗ್ಗೆ ನೀವು ಹೇಳಿದ್ದು ಸರಿ, ಯುದ್ಧ ಮುಗಿದ ಮೇಲೂ ಇದೇ ಆಕಾರದ್ದು ಬೇರೆ ದೇಶದೋರು ಹಾಕ್ತಿದ್ರು, ಅವನ್ನೇ ಬಣ್ಣ ಬದಲಾಯಿಸಿ ಜರ್ಮನ್ ಅಂತ ಮಾರ್ತಾರೆ. ಮುಂದುಗಡೆ ಬ್ಯಾಡ್ಜ್ ಸಿಕ್ಕಿಸೋಕೆ ಪಟ್ಟಿ ಇದ್ರೆ ಸ್ಪೇನಿಂದು, ಹಿಂದೆ ಚೌಕಾಕಾರದ ಕೊಂಡಿ ಇದ್ರೆ ಹಂಗೇರಿದು, ತಗಡು ತೆಳ್ಳಗಿದ್ದು ಪಕ್ಕದಲ್ಲಿ ಸಣ್ಣ ಸಣ್ಣ ತೂತಿನ ಗುಂಪು ಇದ್ರೆ ಫೈರ್ ಸರ್ವಿಸಿಂದು. ಅತಿ ಹೆಚ್ಚು ನಕಲಿ ಆಗೋದು ಎರಡು ಡೆಕಾಲಿನ ಎಂ35, ಹಿಟ್ಲರನ ಎಸ್‌ಎಸ್ ಪಡೆಯ ಗುರುತಿನವು, ಆಮೇಲೆ ಪ್ಯಾರಾಚೂಟ್ ಸಿಪಾಯಿಗಳ ಅಂಚಿಲ್ಲದ ಹೆಲ್ಮೆಟ್ಟು, ಯಾಕಂದ್ರೆ ದುಡ್ಡಿರೋದೂ ಅಲ್ಲೇ. ಆದ್ರೆ ಮೂಡಿಗೆರೆ ಅಟ್ಟದಲ್ಲಿ ಕುಂಕುಮ ಹಚ್ಚಿಸ್ಕೊಂಡು ಇಷ್ಟು ವರ್ಷ ಕೂತಿದ್ದನ್ನ ಯಾವ ನಕಲಿ ಮಾಡೋನು ಬಂದು ಇಟ್ಟು ಹೋಗ್ತಾನೆ ಹೇಳಿ.

ನೇತಾಜಿ ಲೀಜನ್ ವಿಷಯ, ಆಫ್ರಿಕಾದಲ್ಲಿ ಸೆರೆ ಸಿಕ್ಕ ನಮ್ಮ ಸಿಪಾಯಿಗಳಿಂದಲೇ ಅದನ್ನ ಕಟ್ಟಿದ್ದು, ತೋಳಿನ ಮೇಲೆ ಹಾರೋ ಹುಲಿ ಗುರುತು ಇರ್ತಿತ್ತು, ಅದೆಲ್ಲ ನಿಜ. ಆದ್ರೆ ಅವರನ್ನ ಯುದ್ಧ ಮುಗಿದ ಮೇಲೆ ಬ್ರಿಟಿಷರು ಕೈದಿಗಳಾಗಿ ವಾಪಸ್ ತಂದ್ರು. ಕೈದಿಯಾಗಿ ಬರೋನು ಹೆಲ್ಮೆಟ್ಟು ಮೆಡಲ್ಲು ಹಿಡ್ಕೊಂಡು ಊರಿಗೆ ಬರೋಕಾಗಲ್ಲ. ಅಂದಹಾಗೆ ಅಜ್ಜನ ಮೆಡಲ್ ಏನಾದ್ರೂ ಇದ್ಯಾ?

ಮಾಜಿ_ಸ್ಯಾಪರ್_ಅರಕಲಗೂಡು

ನಾನು ಎಂಇಜಿಲಿ, ಅಂದ್ರೆ ಮದ್ರಾಸ್ ಸ್ಯಾಪರ್ಸ್ ಅನ್ನೋ ಸೈನ್ಯದ ಎಂಜಿನಿಯರ್ ಪಡೇಲಿ ಇದ್ದು ಹವಾಲ್ದಾರ್ ಆಗಿ ರಿಟೈರ್ ಆದೋನು. ತಮ್ಮ, ಹೆಲ್ಮೆಟ್ಟಿಗಿಂತ ಮೊದಲು ಮೆಡಲ್ ಹುಡುಕು. ಆರು ಮೂಲೆ ನಕ್ಷತ್ರ ಥರ ಇದ್ರೆ ಅದರ ರಿಬ್ಬನ್ ಬಣ್ಣ ನೋಡು, ಅದೇ ಎಲ್ಲ ಹೇಳುತ್ತೆ. ಮರಳು ಬಣ್ಣದ ರಿಬ್ಬನ್ನು, ನಡುವೆ ದಪ್ಪ ಕೆಂಪು ಪಟ್ಟಿ, ಅಕ್ಕಪಕ್ಕ ಒಂದು ಕಡುನೀಲಿ ಒಂದು ತಿಳಿನೀಲಿ ಗೆರೆ ಇದ್ರೆ ಆಫ್ರಿಕಾ ಸ್ಟಾರ್. ಕೆಂಪು ಬಿಳಿ ಹಸಿರು ಬಿಳಿ ಕೆಂಪು ಇದ್ರೆ ಇಟಲಿ ಸ್ಟಾರ್. ಕಡುನೀಲಿ ನಡುವೆ ಕೆಂಪು, ಜೊತೆಗೆ ಕಿತ್ತಳೆ ಗೆರೆ ಇದ್ರೆ ಬರ್ಮಾ, ಬರ್ಮಾದಲ್ಲಿ ಎದುರಿದ್ದೋರು ಜಪಾನಿನವರು, ಅಲ್ಲಿಂದ ಜರ್ಮನ್ ಹೆಲ್ಮೆಟ್ ಬರೋಕೆ ಸಾಧ್ಯ ಇಲ್ಲ.

ಲಾರಿ ಡ್ರೈವರ್ ಅಂದ್ರೆ ಹೆಚ್ಚಾಗಿ ಆಗಿನ ರಾಯಲ್ ಇಂಡಿಯನ್ ಆರ್ಮಿ ಸರ್ವಿಸ್ ಕಾರ್ಪ್ಸ್. ಈಗ ಅದು ಎಎಸ್‌ಸಿ, ಸೆಂಟರ್ ಬೆಂಗಳೂರಲ್ಲೇ ಇದೆ. ಡಿಸ್ಚಾರ್ಜ್ ಕಾಗದ, ಪೆನ್ಷನ್ ಪುಸ್ತಕ ಯಾವುದಾದ್ರೂ ಇದ್ದು ಅದರಲ್ಲಿ ನಂಬರ್ ಇದ್ರೆ ರೆಕಾರ್ಡ್ ಆಫೀಸಿಗೆ ಬರೀಬೋದು. ನಂಬರ್ ಇಲ್ದೆ ಬರೀ ಹೆಸರು ಕೊಟ್ರೆ ಕಷ್ಟ, ಯುದ್ಧದ ಕೊನೇಲಿ ಸೈನ್ಯದಲ್ಲಿ ಇದ್ದೋರು ಇಪ್ಪತ್ತೈದು ಲಕ್ಷ. ಸೈನಿಕ ಕಲ್ಯಾಣ ಇಲಾಖೆ ಆಫೀಸಲ್ಲೂ ಕೇಳಿ ನೋಡು, ಹೆಂಗೆ ಬರೀಬೇಕು ಅಂತ ಹೇಳ್ಕೊಡ್ತಾರೆ.

ಡ್ರೈವರ್ ಅಂತ ಕಮ್ಮಿ ಅನ್ಕೋಬೇಡ. ಇಟಲೀಲಿ ರೋಡೆಲ್ಲ ಮೈನ್ ಹೂತಿದ್ರು. ನಮ್ಮ ಮದ್ರಾಸ್ ಸ್ಯಾಪರ್ಸ್‌ನ ಸುಬೇದಾರ್ ಸುಬ್ರಮಣ್ಯಂ 1944ರ ಫೆಬ್ರವರಿ 24ರಂದು ಮಿನ್ಯಾನೊ ಅನ್ನೋ ಕಡೆ, ಕ್ಯಾಸಿನೊ ಹತ್ರ, ಮೈನ್ ಸಿಡಿಯೋಕೆ ಮುಂಚೆ ಅದರ ಮೇಲೇ ಬಿದ್ದು ಜೊತೆಗಿದ್ದೋರ್ನ ಉಳಿಸಿ ತಾವು ಹೋದ್ರು, ಜಾರ್ಜ್ ಕ್ರಾಸ್ ಅನ್ನೋ ಬ್ರಿಟಿಷರ ಶೌರ್ಯ ಪದಕ ಬಂತು. ರೆಕ್ರೂಟ್ ಆಗಿದ್ದಾಗ ಈ ಕತೆ ಹೇಳ್ದೆ ನಮ್ಮ ಉಸ್ತಾದ್ ಪರೇಡೇ ಬಿಡ್ತಿರ್ಲಿಲ್ಲ. ಬೆಂಗಳೂರಿನ ನಮ್ಮ ಸೆಂಟರಲ್ಲಿ ಮ್ಯೂಸಿಯಂ ಇದೆ, ಹೋದಾಗ ನೋಡು.

ಮೆಣಸಿನಬಳ್ಳಿ_ಮೂಡಿಗೆರೆ

ಎಲ್ಲರಿಗೂ ಥ್ಯಾಂಕ್ಸ್, ಇಷ್ಟು ಜನ ಬರೀತೀರ ಅನ್ಕೊಂಡಿರ್ಲಿಲ್ಲ. ರಾತ್ರಿ ಕರೆಂಟ್ ಬೇರೆ ಇರ್ಲಿಲ್ಲ, ಮೊಬೈಲ್ ಟಾರ್ಚ್ ಓರೆ ಹಿಡಿದು ನೋಡ್ದೆ. ತೂತಿನ ಹತ್ರ ಬೇರೆ ಬಳೆ ಇಲ್ಲ, ಅದೇ ತಗಡು ಉಬ್ಬಿದೆ. ಅಂಚು ಒಳಕ್ಕೆ ಮಡಚಿದೆ. ಎಡಗಡೆ ಒಳಗೆ ಕ್ಯೂ 64 ಅಂತ ಸ್ಪಷ್ಟವಾಗಿದೆ!! ಹಿಂದೆ ಇನ್ನೂ ನಾಲ್ಕು ಅಂಕಿ ಇದೆ, ಕೊನೇದು ತುಕ್ಕಲ್ಲಿ ಹೋಗಿದೆ. ಬಳೆ ಮೇಲೆ 57 ಅಂತ ಇದೆ, ಪಕ್ಕದಲ್ಲಿ 1941, ಆಮೇಲೆ ಶೂಬರ್ಟ್ ಅಂತೇನೋ ಓದೋಕಾಗುತ್ತೆ. ನಾಲಿಗೆ ಎಂಟರಲ್ಲಿ ಐದು ಉಳಿದಿವೆ. ಪಿನ್ ಮೂರೂ ಇವೆ, ಮುಟ್ಟಿಲ್ಲ. ಕಾಫಿ ತೂಗೋ ತಕ್ಕಡಿಲಿ ಇಟ್ಟು ನೋಡೋಣ ಅಂದ್ರೆ ತಮ್ಮ ನಗ್ತಾನೆ.

ಇನ್ನೊಂದು ವಿಷಯ, ಚರ್ಮದ ಒಂದು ನಾಲಿಗೆ ಹಿಂದೆ ಶಾಯಿಲಿ ಏನೋ ಬರ್ದಿದೆ. ಮೊದಲ ಅಕ್ಷರ ಎಚ್ ಅನ್ಸುತ್ತೆ, ಉಳಿದದ್ದು ಬೆವರಿಗೋ ಹೊಗೆಗೋ ಹೋಗಿದೆ. ಅದನ್ನ ಅಮ್ಮನಿಗೆ ತೋರಿಸಿದ್ದೇ ತಪ್ಪಾಯ್ತು, "ನೋಡು, ಹೆಸರೂ ಇದೆ, ಯಾರ ಮಗನೋ ಏನೋ" ಅಂತ ಇನ್ನೂ ಜಾಸ್ತಿ ಮಾಡಿದ್ರು.

ಮೆಡಲ್ ಇದೆ ಸಾರ್, ಪೌಡರ್ ಡಬ್ಬಿಲಿ ನಾಲ್ಕಿದೆ. ಮೂರು ನಕ್ಷತ್ರ, ಒಂದು ರೌಂಡು. ರಿಬ್ಬನ್ ಎರಡರದ್ದು ಮಾತ್ರ ಉಳಿದಿದೆ, ಒಂದು ನೀವು ಹೇಳಿದ ಮರಳು ಬಣ್ಣ ನಡುವೆ ಕೆಂಪು, ಇನ್ನೊಂದು ಕೆಂಪು ಬಿಳಿ ಹಸಿರು. ಡಿಸ್ಚಾರ್ಜ್ ಕಾಗದ ಹುಡುಕ್ತಿದೀವಿ.

ಹಾಸನ_ಹಳೇಕಬ್ಬಿಣ

ಅಯ್ಯೋ ಮಾರಾಯ್ರೆ, ಇದು ಓದಿ ನಂಗೆ ರಾತ್ರಿ ನಿದ್ದೆ ಬಂದಿಲ್ಲ. ಎಂ40, ಎಸ್ಲಿಂಗನ್‌ನ ಕ್ವಿಸ್ಟ್ ಫ್ಯಾಕ್ಟರಿದು, ಚಿಪ್ಪು 64ಕ್ಕೆ ಒಳಗೆ 57, 1941ರ ಬಳೆ, ಒಂದೇ ಡೆಕಾಲು, ಎಲ್ಲ ಒಂದಕ್ಕೊಂದು ಕೂತ್ಕೊಳ್ತಿದೆ. ಬುಲೆಟ್ ಗಿರಿಯವರೇ ನಿಮಗೊಂದು ಸುದ್ದಿ, ಆ ಒಳಬಳೆ ಮಾಡಿದ ಶೂಬರ್ಟ್ ಕಂಪನಿ ಇವತ್ತಿಗೂ ಇದೆ, ಬೈಕ್ ಹೆಲ್ಮೆಟ್ ಮಾಡುತ್ತೆ, ಅಷ್ಟು ಆಸೆ ಇದ್ರೆ ಅದನ್ನ ತಗೊಳ್ಳಿ. ಇದರಲ್ಲಿ ಫೋಮೂ ಇಲ್ಲ ಐಎಸ್‌ಐ ಮಾರ್ಕೂ ಇಲ್ಲ, ಮೇಲಿಂದ ಬೀಳೋ ಬಾಂಬಿನ ಚೂರು ತಡೆಯೋಕೆ ಮಾಡಿದ್ದು, ಚಾರ್ಮಾಡಿ ಘಾಟಿಲಿ ಬಿದ್ರೆ ತಲೆನೂ ಹೋಗುತ್ತೆ ಹೆಲ್ಮೆಟ್ಟೂ ಹೋಗುತ್ತೆ.

ಈಗ ಅಮ್ಮನ ವಿಷಯ. ಆಫ್ರಿಕಾ ಸ್ಟಾರ್ ಇದೆ, ಹೆಲ್ಮೆಟ್ ಮೇಲೆ ಮರಳು ಬಣ್ಣ ಇದೆ. ಆಫ್ರಿಕಾದ ಯುದ್ಧ ಮುಗಿದಿದ್ದು 1943ರ ಮೇ 13ಕ್ಕೆ, ಟ್ಯುನೀಷಿಯಾದಲ್ಲಿ. ಅದರ ಹಿಂದಿನ ದಿನ ಜರ್ಮನ್ ಸೇನಾಪತಿ ಫಾನ್ ಆರ್ನಿಮ್ ಸೆರೆ ಸಿಕ್ಕಿದ್ದು ನಮ್ಮ 4ನೇ ಇಂಡಿಯನ್ ಡಿವಿಷನ್ ಕೈಗೇ. ಆಗ ಶರಣಾದ ಜರ್ಮನ್ನರು, ಇಟಲಿಯವರು ಸೇರಿ ಎರಡು ಲಕ್ಷದ ಮೇಲೆ. ಕೈದಿಗೆ ಹೆಲ್ಮೆಟ್ ಯಾಕೆ ಬೇಕು, ಎಲ್ಲ ತೆಗೆದು ಬಿಸಾಕಿದ್ರು, ರೋಡ್ ಪಕ್ಕ ರಾಶಿ ರಾಶಿ ಬಿದ್ದಿತ್ತು. ಲಾರಿ ಡ್ರೈವರ್ ಆದೋರಿಗೆ ಅದನ್ನ ಎತ್ತಿ ಸೀಟಿನ ಹಿಂದೆ ಹಾಕ್ಕೊಳ್ಳೋದು ಸುಲಭ, ಕಾಲಾಳುಗಳ ಥರ ಮೈಮೇಲೆ ಹೊರೋ ಕಷ್ಟ ಇಲ್ಲ. ಹಾಗಾಗಿ ಆ ಎಚ್ ಅನ್ನೋ ಹುಡುಗ ಸತ್ತೇ ಇರ್ಬೇಕು ಅಂತೇನಿಲ್ಲ, ಕ್ಯಾಂಪಲ್ಲಿ ನಾಲ್ಕು ವರ್ಷ ಇದ್ದು ಊರಿಗೆ ಹೋಗಿ ಮದುವೆಯಾಗಿ ಮೊಮ್ಮಕ್ಕಳ್ನ ನೋಡಿ ಹೋಗಿರೋಕೂ ಸಾಕು. ತೂತು, ಒಡೆದ ಗುರುತು ಇಲ್ಲ ತಾನೆ? ಅದನ್ನೇ ಅಮ್ಮನಿಗೆ ತೋರಿಸಿ.

ಹೆಸರು ಪೂರ್ತಿ ಓದೋಕಾದ್ರೆ ಜರ್ಮನಿಯ ಬುಂಡೆಸ್ ಆರ್ಕೈವ್‌ನಲ್ಲಿ ಆ ಕಾಲದ ಸಿಪಾಯಿಗಳ ದಾಖಲೆ ಇವೆ, ಯುದ್ಧದಲ್ಲಿ ಸತ್ತೋರ ಸಮಾಧಿ ನೋಡ್ಕೊಳ್ಳೋ ಫೋಕ್ಸ್‌ಬುಂಡ್ ಅನ್ನೋ ಸಂಸ್ಥೆ ವೆಬ್‌ಸೈಟಲ್ಲೂ ಹೆಸರು ಹಾಕಿ ಹುಡುಕಬೋದು. ಆದ್ರೆ ಬರೀ ಮೊದಲಕ್ಷರ ಇಟ್ಕೊಂಡು ಏನೂ ಆಗಲ್ಲ.

ಕಾನೂನು: ಬರೀ ಹೆಲ್ಮೆಟ್ಟಿಗೆ ಆಯುಧ ಕಾಯ್ದೆ ಬರಲ್ಲ. ಅದೇ ಪೆಟ್ಟಿಗೇಲಿ ಗುಂಡು, ಗ್ರೆನೇಡು ಏನಾದ್ರೂ ಇದ್ರೆ ಅದು ಬೇರೆ ಕತೆ, ಮುಟ್ದೆ ಪೊಲೀಸಿಗೆ ಹೇಳಿ. ಪುರಾತನ ವಸ್ತು ಕಾಯ್ದೆ 1972ರದ್ದು ನೂರು ವರ್ಷ ದಾಟಿದವಕ್ಕೆ, ನಿಮ್ಮದು ಇನ್ನೂ ಆಗಿಲ್ಲ. ಮೊದಲನೇ ಯುದ್ಧದ 1916ರ ಹೆಲ್ಮೆಟ್ ಇಟ್ಕೊಂಡಿರೋರು ಮಾತ್ರ ಈಗ ಹುಷಾರಾಗಿರ್ಬೇಕು, ಅಂಥದ್ದನ್ನ ದೇಶದಿಂದ ಹೊರಗೆ ಕಳಿಸೋ ಹಾಗಿಲ್ಲ.

ಸಕಲೇಶಪುರ_ಸೊಪ್ಪು

ನಮ್ಮನೇಲೂ ಒಂದಿತ್ತು, ಆದ್ರೆ ಅದು ಇಂಗ್ಲಿಷರದ್ದು, ಅಗಲ ಅಂಚಿಂದು, ಕೋಳಿಗೆ ನೀರಿಡೋಕೆ ಸರಿಯಾಗ್ತಿತ್ತು, ಹಾಗೇ ಇಟ್ಟು ಇಟ್ಟು ತಳ ತೂತು ಬಿದ್ದು ಹೋಯ್ತು. ಈಗ ಹೊಟ್ಟೆ ಉರಿಯುತ್ತೆ.

ಒಂದು ಮಾತು ಹೇಳ್ತೀನಿ ಬೇಜಾರ್ ಮಾಡ್ಕೋಬೇಡಿ. ಆ ಹದ್ದು ಕಾಲಲ್ಲಿ ಹಿಡ್ಕೊಂಡಿರೋದು ನಾಜಿಗಳ ಗುರುತು, ಅಜ್ಜಿ ಪಾಪ ನಮ್ಮ ಸ್ವಸ್ತಿಕ ಅನ್ಕೊಂಡೇ ಕುಂಕುಮ ಹಚ್ಚಿರ್ಬೋದು. ಲಕ್ಷಾಂತರ ಜನರನ್ನ ಕೊಂದ ಸರ್ಕಾರದ್ದು ಅದು. ಜರ್ಮನೀಲಿ ಅದನ್ನ ಸುಮ್ನೆ ಹೊರಗೆ ತೋರಿಸೋದು ಅಪರಾಧ, ಇಬೇ ವೆಬ್‌ಸೈಟಲ್ಲೂ ಆ ಗುರುತಿರೋದು ಮಾರೋಕೆ ಬಿಡಲ್ಲ. ಇಲ್ಲಿ ಅಂಥ ಕಾನೂನಿಲ್ಲ ಅಂತ ಹಾಲಲ್ಲಿ ಟಿವಿ ಮೇಲೆ ಶೋಗೆ ಇಡೋದು ನಂಗಂತೂ ಸರಿ ಕಾಣಲ್ಲ. ಆ ಸೈನ್ಯದ ವಿರುದ್ಧ ಹೋಗಿ ನಿಮ್ಮ ಅಜ್ಜ ಗೆದ್ದು ಬಂದಿದ್ದು, ಹಾಗಾಗಿ ಇಡೋದಾದ್ರೆ ಅಜ್ಜನ ಮೆಡಲ್ಲು ಫೋಟೋ ಪಕ್ಕ ಇಡಿ, ಅದರದ್ದೇ ಅಂತ ಒಂಟಿಯಾಗಿ ಮೆರೆಸ್ಬೇಡಿ.

ಅಜ್ಜನ ತಲೆಮಾರಿನೋರು, ಅವರ ಮಾತು ಕೇಳಿದೋರು ಯಾರಾದ್ರೂ ಉಳಿದಿದಾರಾ? ಇದ್ರೆ ಇವತ್ತೇ ಹೋಗಿ ಮೊಬೈಲಲ್ಲಿ ರೆಕಾರ್ಡ್ ಮಾಡ್ಕೊಳ್ಳಿ, ನಮ್ಮನೇಲಿ ಹಾಗೆ ಕೇಳೋಷ್ಟರಲ್ಲಿ ಯಾರೂ ಇರ್ಲಿಲ್ಲ.

ಮತ್ತೆ ಹಳೇ ಅಟ್ಟದಲ್ಲಿ ಒಲೆ ಹೊಗೆಗೆ ಚರ್ಮ ಉಳ್ಕೊಂಡಿದೆ, ಹೊಸ ಮನೇಲಿ ಗ್ಯಾಸು, ಹೊಗೆ ಇಲ್ಲ. ನಮ್ಮ ಕಡೆ ಮಳೆಗಾಲದಲ್ಲಿ ಚಪ್ಪಲಿಗೇ ಬೂಷ್ಟು ಹಿಡಿಯುತ್ತೆ, ಇದಕ್ಕೆ ಬಿಡುತ್ತಾ?

ಮೆಣಸಿನಬಳ್ಳಿ_ಮೂಡಿಗೆರೆ

ಅಕ್ಕ ನೀವು ಹೇಳಿದ್ಮೇಲೆ ಹೊಳೀತು, ಅಜ್ಜನ ಕೊನೇ ತಂಗಿ ಒಬ್ರು ಇದಾರೆ, ಬೇಲೂರಲ್ಲಿ ಮಗನ ಮನೇಲಿ. ಕಿವಿ ಮಂದ, ನೆನಪು ಮಾತ್ರ ಗಟ್ಟಿ. ನಿನ್ನೆ ಅಮ್ಮನ್ನೂ ಕರ್ಕೊಂಡು ಹೋಗಿದ್ದೆ, ಹೆಲ್ಮೆಟ್ಟು ಟವೆಲ್ಲಲ್ಲಿ ಸುತ್ಕೊಂಡು. ನೋಡಿದ್ದೇ ತಡ "ಇದನ್ನ ಇನ್ನೂ ಇಟ್ಕೊಂಡಿದೀರಾ" ಅಂತ ನಕ್ಕೇ ನಕ್ರು.

ಹಳೇಕಬ್ಬಿಣದವರೇ, ನಿಮ್ಮ ಲೆಕ್ಕ ಎಲ್ಲ ಚೆನ್ನಾಗಿತ್ತು ಆದ್ರೆ ಅಜ್ಜ ಅದನ್ನ ರೋಡ್ ಪಕ್ಕ ಎತ್ತಿದ್ದೇ ಅಲ್ವಂತೆ! ವಾಪಸ್ ಬರುವಾಗ ಹಡಗಲ್ಲಿ ಒಬ್ಬ ಪಂಜಾಬಿ ಸಿಪಾಯಿ ಹತ್ರ ಸಿಗರೇಟ್ ಕೊಟ್ಟು ತಗೊಂಡಿದ್ದಂತೆ. ಅವನ ಹತ್ರ ಎರಡಿತ್ತಂತೆ, ಅಜ್ಜ ಸಿಗರೇಟ್ ಸೇದ್ತಿರ್ಲಿಲ್ಲ, ರೇಷನ್ನಲ್ಲಿ ಕೊಟ್ಟಿದ್ದು ಪೆಟ್ಟಿಗೆ ತುಂಬ ಇತ್ತಂತೆ. ಊರಿಗೆ ಬಂದು ಗದ್ದೆ ಬಯಲಲ್ಲಿ ಹಾಕ್ಕೊಂಡು ಓಡಾಡಿ ಹುಡುಗ್ರನ್ನೆಲ್ಲ ಹೆದರಿಸಿದ್ರಂತೆ, ಆಮೇಲೆ ಅವರಮ್ಮ ಬೈದ್ಮೇಲೆ ಅಟ್ಟಕ್ಕೆ ಹೋಗಿದ್ದು. ಕೈದಿಗಳನ್ನ ಲಾರಿಲಿ ತುಂಬ್ಕೊಂಡು ಹೋಗ್ತಿದ್ದಿದ್ದು ಮಾತ್ರ ನಿಜ, ಒಬ್ಬ ಜರ್ಮನ್ ಹುಡುಗ ಲಾರಿ ಕೆಟ್ಟಾಗ ಇಳಿದು ಬಂದು ತಾನೇ ಕಾರ್ಬುರೇಟರ್ ಬಿಚ್ಚಿ ಸರಿ ಮಾಡಿ ಮತ್ತೆ ಹಿಂದೆ ಹೋಗಿ ಕೂತ್ಕೊಂಡ ಅಂತ ಹೇಳ್ತಿದ್ರಂತೆ. ನಮ್ಮಪ್ಪನಿಗೂ ಈ ಕತೆ ಗೊತ್ತಿರ್ಲಿಲ್ಲ.

ಅಮ್ಮ ಈಗ ಹೊಳೆ ಸುದ್ದಿ ಎತ್ತಿಲ್ಲ. ಆದ್ರೆ ದೇವರ ಮನೆ ಕಡೆ ತರಬಾರ್ದು ಅಂತ ಕಂಡೀಷನ್ ಹಾಕಿದಾರೆ. ತಮ್ಮನಿಗೆ ಶೂಬರ್ಟ್ ಹೆಲ್ಮೆಟ್ ರೇಟ್ ತೋರಿಸ್ದೆ, ಈಗ ಅವನು ಮಾತಾಡ್ತಿಲ್ಲ. ಬೆಂಗಳೂರಿನೋರು ಇಪ್ಪತ್ತೈದು ಅಂತ ಮೆಸೇಜ್ ಹಾಕಿದಾರೆ, ಉತ್ತರ ಕೊಟ್ಟಿಲ್ಲ.

ತುಕ್ಕು, ಬೂಷ್ಟಿಗೆ ಏನು ಮಾಡ್ಲಿ ಅದೊಂದು ಹೇಳ್ಬಿಡಿ.

ಹಾಸನ_ಹಳೇಕಬ್ಬಿಣ

ಸಿಗರೇಟಿಗೆ ಬಂದಿದ್ದಾ! ಇರ್ಲಿ, ನನ್ನ ಲೆಕ್ಕಕ್ಕಿಂತ ಆ ಅಜ್ಜಿ ಮಾತು ದೊಡ್ಡದು. ಅದನ್ನ ಹಾಗೇ, ಸಿಗರೇಟು ಹಡಗು ಎಲ್ಲ ಸೇರ್ಸಿ ಒಂದು ಹಾಳೇಲಿ ಬರೆದು ಅವರ ಕೈಲಿ ಸೈನೋ ಹೆಬ್ಬೆಟ್ಟೋ ಹಾಕ್ಸಿ ತಾರೀಖು ಹಾಕಿ ಮೆಡಲ್ ಡಬ್ಬಿಲಿ ಇಡಿ. ಮಾರಾಟಕ್ಕೆ ಬರೋ ಹೆಲ್ಮೆಟ್ಟಲ್ಲಿ ನೂರಕ್ಕೆ ತೊಂಬತ್ತರ ಜೊತೆ "ಜರ್ಮನ್ ಸೇನಾಪತಿ ರೊಮ್ಮೆಲ್‌ನ ಬಾಡಿಗಾರ್ಡಿಂದು" ಥರದ ಬುರುಡೆ ಕತೆ ಬರುತ್ತೆ, ಸಿಗರೇಟಿಗೆ ತಗೊಂಡೆ ಅಂತ ಯಾವನೂ ಸುಳ್ಳು ಹೇಳಲ್ಲ.

ತುಕ್ಕಿಗೆ: ಒಣ ಮೆತ್ತನೆ ಹತ್ತಿ ಬಟ್ಟೇಲಿ ಧೂಳು ಒರೆಸಿ, ಅಷ್ಟೇ. ಡೆಕಾಲ್ ಮೇಲೆ ಬಟ್ಟೆನೂ ಬೇಡ, ಕುಂಕುಮ ಇದ್ರೆ ಇರ್ಲಿ, ಕೆರೀಬೇಡಿ. ಬರಿಗಬ್ಬಿಣ ಕಾಣೋ ಕಡೆ ಮಾತ್ರ ಮ್ಯೂಸಿಯಂನವರು ಹಚ್ಚೋ ಮೈಕ್ರೋಕ್ರಿಸ್ಟಲೈನ್ ವ್ಯಾಕ್ಸ್ ಒಂಚೂರು, ಬಣ್ಣದ ಮೇಲೆ ಹಚ್ಚೋಕೆ ಮುಂಚೆ ಕಾಣದ ಮೂಲೇಲಿ ಟೆಸ್ಟ್ ಮಾಡಿ. ಚರ್ಮಕ್ಕೆ ಏನೂ ಬೇಡ, ಸೆಟೆದುಕೊಂಡಿರೋ ನಾಲಿಗೆನ ಬಗ್ಗಿಸಿದ್ರೆ ಮುರಿಯುತ್ತೆ, ಆ ಶಾಯಿ ಇರೋದನ್ನಂತೂ ಇನ್ನೊಂದ್ಸಲ ಎತ್ತಿ ನೋಡ್ಬೇಡಿ, ಒಂದೇ ಸಲ ಒಳ್ಳೇ ಬೆಳಕಲ್ಲಿ ಫೋಟೋ ತೆಗೆದು ಬಿಟ್ಬಿಡಿ. ಪ್ಲಾಸ್ಟಿಕ್ ಕವರಲ್ಲಿ ಸುತ್ತಿ ಇಟ್ರೆ ಒಳಗೇ ಬೆವರಿ ಒಂದು ಮಳೆಗಾಲದಲ್ಲಿ ಚರ್ಮ ಮುಗೀತು. ಗಾಜಿನ ಬಾಗಿಲಿನ ಬೀರು ಇದ್ರೆ ಅದರಲ್ಲಿ ಸಿಲಿಕಾ ಜೆಲ್ ಒಂದು ಬಟ್ಟಲು ಇಟ್ಟು, ಜೂನಿಂದ ಸೆಪ್ಟೆಂಬರ್‌ವರೆಗೆ ಆವಾಗಾವಾಗ ಒಣಗಿಸಿ ಬದಲಾಯಿಸ್ತಾ ಇರಿ. ಕೆಳಗೆ ಹಳೇ ಹತ್ತಿ ಸೀರೆ ಸುರುಳಿ ಇಟ್ಟು ಅದರ ಮೇಲೆ ಕೂರ್ಸಿ, ಒಳಬಳೆ ಮೇಲೆ ಭಾರ ಬೀಳ್ಬಾರ್ದು.

ಹಿಂದಿನ ಆ ನಾಲ್ಕು ಅಂಕಿ ಫೋಟೋ ಹಾಕಿ, ಕೊನೇದು ಓದೋಕಾಗುತ್ತಾ ನೋಡ್ತೀನಿ.

ಮಾಜಿ_ಸ್ಯಾಪರ್_ಅರಕಲಗೂಡು

ಮೂರನೇ ನಕ್ಷತ್ರ 1939–45 ಸ್ಟಾರ್ ಇರುತ್ತೆ, ರೌಂಡ್ ಮೆಡಲ್ಲಿನ ಹಿಂದೆ ಮುಂದೆ ಫೋಟೋ ಹಾಕು ತಮ್ಮ. ರಿಬ್ಬನ್ ಹೊಸದು ಬೇಕಾದ್ರೆ ಬೆಂಗಳೂರಲ್ಲಿ ಮಿಲಿಟರಿ ಟೈಲರ್‌ಗಳ ಹತ್ರ ಕೇಳ್ತೀನಿ, ಹಳೇದನ್ನ ಮಾತ್ರ ಬಿಸಾಕ್ಬೇಡ.